ಡಾಂಗ್ವಿ ಬೇರು ಅಸಲಿಯೇ? ಕೊರಿಯಾದ ಗಿಡಮೂಲಿಕೆ ಪರೀಕ್ಷೆ ಹೀಗೆ ನಡೆಯುತ್ತದೆ

ಡಾಂಗ್ವಿ ಎಂದರೆ ಕೊರಿಯಾದಲ್ಲಿ ಆಂಜೆಲಿಕಾ ಗೈಗಾಸ್ ಗಿಡದ ಬೇರು. ಅದೇ ಚೀನೀ ಅಕ್ಷರದ ಹೆಸರಿನಲ್ಲಿ ಚೀನಾದವರು ಆಂಜೆಲಿಕಾ ಸೈನೆನ್ಸಿಸ್ ಬಳಸುತ್ತಾರೆ, ಜಪಾನಿನವರು ಆಂಜೆಲಿಕಾ ಅಕ್ಯುಟಿಲೋಬಾ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡ ಬಳಸುವ ನಮ್ಮ ಶಂಖಪುಷ್ಪಿಯ ಗೊಂದಲ ಕಂಡವರಿಗೆ ಇದು ಹೊಸತಲ್ಲ. ಆದ್ದರಿಂದ ಮೊದಲು ಗುರುತು, ಆಮೇಲೆ ಶುದ್ಧತೆ. ತಪ್ಪು ಬೇರು ಎಷ್ಟೇ ಸ್ವಚ್ಛವಾಗಿದ್ದರೂ ತಪ್ಪು ಬೇರೇ.

ಮಾದರಿ: ಚೀಲದ ಮೇಲ್ಭಾಗದಿಂದಷ್ಟೇ ಹಿಡಿ ತುಂಬಿಕೊಳ್ಳಬೇಡಿ. ಪುಡಿ, ಮಣ್ಣು, ಮುರಿದ ತುದಿಗಳೆಲ್ಲ ತಳ ಸೇರಿರುತ್ತವೆ. ಹಲವು ಚೀಲಗಳ ಮೇಲೆ, ನಡು, ಕೆಳಗಿನಿಂದ ತೆಗೆದು ಬೆರೆಸಿ 250ರಿಂದ 500 ಗ್ರಾಂ ಉಳಿಸಿಕೊಳ್ಳಿ. ಒಂದು ಪಾಲನ್ನು ಪುಡಿ ಮಾಡದೆ ಎತ್ತಿಡಿ. ಫಲಿತಾಂಶದ ಬಗ್ಗೆ ತಕರಾರು ಬಂದಾಗ ಅದೇ ಆಧಾರ.

ಗುರುತು: 1 ಗ್ರಾಂ ಪುಡಿಯನ್ನು 10 ಮಿ.ಲೀ. ಮೆಥನಾಲ್‌ನಲ್ಲಿ ಕುಲುಕಿ ಸೋಸಿ, ಸಿಲಿಕಾ ತಟ್ಟೆಯ ಮೇಲೆ ಚುಕ್ಕೆ ಇಟ್ಟು ದ್ರಾವಕದಲ್ಲಿ ಮೇಲಕ್ಕೆ ಓಡಿಸಿ. ಪಕ್ಕದಲ್ಲೇ ಡೆಕರ್ಸಿನ್ (ಕೊರಿಯಾದ ಬೇರಿನ ಗುರುತಿನ ರಾಸಾಯನಿಕ) ಪ್ರಮಾಣವಸ್ತು ಮತ್ತು ಖಚಿತವಾಗಿ ಗುರುತಿಸಿದ ಬೇರಿನ ಸಾರವೂ ಇರಲಿ. 365 ನ್ಯಾನೊಮೀಟರ್ ನೇರಳಾತೀತ ಬೆಳಕಿನಲ್ಲಿ ಡೆಕರ್ಸಿನ್ ನೀಲಿಯಾಗಿ ಹೊಳೆಯುತ್ತದೆ. ಚೀನಾ, ಜಪಾನ್ ಬೇರುಗಳಲ್ಲಿ ಆ ಚುಕ್ಕೆ ಕಾಣದು. ಆದರೆ ಎರಡು ಬೇರು ಬೆರೆಸಿದ್ದರೂ ಚುಕ್ಕೆ ಮೂಡುತ್ತದೆ! ಅನುಮಾನವಿದ್ದರೆ ತುಂಡುಗಳನ್ನು ಬಿಡಿಬಿಡಿಯಾಗಿ ಡಿಎನ್‌ಎ ಪರೀಕ್ಷೆಗೆ ಹಾಕಿ, ಅದೂ ಕಚ್ಚಾ ಬೇರಿನ ಹಂತದಲ್ಲೇ. ಕುದಿಸಿ ಸಾರ ತೆಗೆದ ಮೇಲೆ ಡಿಎನ್‌ಎ ಚೂರುಚೂರಾಗಿರುತ್ತದೆ. 2015ರಲ್ಲಿ ಕೊರಿಯಾ ಗ್ರಾಹಕ ಸಂಸ್ಥೆ ಬೆಕ್ಸುಒ ಎಂಬ ಇನ್ನೊಂದು ಬೇರಿನ 32 ಉತ್ಪನ್ನಗಳನ್ನು ನೋಡಿದಾಗ 21ರಲ್ಲಿ ಅದನ್ನೇ ಹೋಲುವ ಬೇರೆ ಜಾತಿ ಸಿಕ್ಕಿತು. ಎಂಟರಲ್ಲಿ ಅಸಲಿಯೋ ಅಲ್ಲವೋ ಎಂದು ಹೇಳಲಾಗಲೇ ಇಲ್ಲ.

ಸತ್ವದ ಅಳತೆ: ಬೇರಿನ ಮುಖ್ಯ ಅಂಶಗಳಾದ ನೊಡಾಕೆನಿನ್, ಡೆಕರ್ಸಿನ್, ಡೆಕರ್ಸಿನಾಲ್ ಆಂಜೆಲೇಟ್ ಮೂರೂ ಸೇರಿ ಕನಿಷ್ಠ ಶೇ 6.0 ಇರಬೇಕು. ಸಾರದ ಅಂಶಗಳನ್ನು ಬೇರ್ಪಡಿಸಿ ಒಂದೊಂದನ್ನೂ ನಕ್ಷೆಯ ಶಿಖರವಾಗಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಕಾಟ ಕೊಡುವುದು ಕೊನೆಯ ಎರಡು. ಎರಡರ ಅಣುತೂಕವೂ 328, ಶಿಖರಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ತೂಕ ನೋಡಿ ಬೇರ್ಪಡಿಸುವ ಉಪಕರಣಕ್ಕೂ ಇವು ಅವಳಿಗಳೇ. ಯಂತ್ರದಲ್ಲಿ ಹರಿಸುವ ದ್ರಾವಕದಲ್ಲಿ ಅಸಿಟೋನೈಟ್ರೈಲ್ ಪ್ರಮಾಣ ತುಸು ಇಳಿಸಿ, ಓಟದ ಸಮಯ ಹೆಚ್ಚಿಸಿ. ಲೆಕ್ಕ ಒಣತೂಕದ ಮೇಲೆ. ತೇವ ಶೇ 12 ಇರುವ ಬೇರಿನಲ್ಲಿ ಶೇ 5.5 ಬಂದರೆ ಅನುತ್ತೀರ್ಣ ಎನ್ನಬೇಡಿ, 5.5 ಭಾಗಿಸು 0.88 ಎಂದರೆ ಶೇ 6.25, ಪಾಸಾಯಿತು.

ಗಂಧಕದ ಹೊಗೆ: ಬೇರು ಬೆಳ್ಳಗೆ ಕಾಣಲಿ, ಹುಳ ಹಿಡಿಯದಿರಲಿ ಎಂದು ಗಂಧಕದ ಹೊಗೆ ಹಾಕುವುದುಂಟು. ಸಲ್ಫರ್ ಡೈಆಕ್ಸೈಡ್ ಮಿತಿ 30 ಪಿಪಿಎಂ (ಹತ್ತು ಲಕ್ಷಕ್ಕೆ 30 ಭಾಗ). 50 ಗ್ರಾಂ ಮಾದರಿಯನ್ನು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಸಾರಜನಕ ಹರಿಸುತ್ತ 1 ಗಂಟೆ 45 ನಿಮಿಷ ಕುದಿಸಿ. ಹೊರಬಂದ ಅನಿಲ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಗಂಧಕಾಮ್ಲವಾಗುತ್ತದೆ. ಅದನ್ನು 0.01 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ, ಅಂದರೆ ಆಮ್ಲ ತಟಸ್ಥವಾಗಲು ಎಷ್ಟು ಬೇಕಾಯಿತೆಂದು ಅಳೆಯಿರಿ. 1 ಮಿ.ಲೀ. ಎಂದರೆ 320 ಮೈಕ್ರೋಗ್ರಾಂ ಸಲ್ಫರ್ ಡೈಆಕ್ಸೈಡ್, ಹಾಗಾಗಿ ಖಾಲಿ ಪ್ರಯೋಗದ (ಮಾದರಿ ಹಾಕದೆ ಮಾಡಿದ್ದು) ಅಂಕಿ ಕಳೆದು ಸುಮಾರು 4.7 ಮಿ.ಲೀ. ದಾಟಿದರೆ ಸರಕು ವಾಪಸ್. ಗಾಜಿನ ಕೀಲು ಸೋರಿದರೆ ಅಂಕಿ ಕಡಿಮೆ ಬರುತ್ತದೆ. ಸಾರಜನಕ ಜೋರಾಗಿ ಬಿಟ್ಟರೆ ಬೇರೆ ಆವಿಶೀಲ ಆಮ್ಲಗಳೂ ಹಾದುಬಂದು ಹೆಚ್ಚು ತೋರಿಸುತ್ತವೆ.

ಭಾರ ಲೋಹ: ಸಾಮಾನ್ಯ ಮಿತಿ ಸೀಸ 5, ಆರ್ಸೆನಿಕ್ 3, ಪಾದರಸ 0.2, ಕ್ಯಾಡ್ಮಿಯಂ 0.3 ಪಿಪಿಎಂ. ಕೆಲವು ಮೂಲಿಕೆಗಳಿಗೆ ಕ್ಯಾಡ್ಮಿಯಂ ಮಿತಿ ಬೇರೆ, ಪಟ್ಟಿ ನೋಡಿಕೊಳ್ಳಿ. ಮಾದರಿ ಕರಗಿಸಲು ನೈಟ್ರಿಕ್ ಆಮ್ಲ ಸಾಕು. ಹೈಡ್ರೋಕ್ಲೋರಿಕ್ ಸೇರಿಸಿದರೆ ಕ್ಲೋರಿನ್, ಲೋಹಗಳನ್ನು ತೂಕದಿಂದ ಗುರುತಿಸುವ ಉಪಕರಣದ ಆರ್ಗಾನ್ ಅನಿಲದ ಜತೆ ಕೂಡಿ 75ರ ತೂಕದಲ್ಲಿ, ಅಂದರೆ ಆರ್ಸೆನಿಕ್‌ನ ಜಾಗದಲ್ಲೇ, ಸುಳ್ಳು ಸಂಕೇತ ಎಬ್ಬಿಸುತ್ತದೆ.