ಪದವಿನ ಹೂ ತುಳಿಯದೆ ಜನರಿಗೆ ತೋರಿಸುವ ಬಗೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಪೊಸಡಿ ಗುಂಪೆ ಗುಡ್ಡದ ಸುತ್ತಲಿನ ಮುರಕಲ್ಲಿನ ಪದವುಗಳಿಗೆ (ಕೆಂಪುಕಲ್ಲಿನ ಬಯಲು ಗುಡ್ಡೆಗಳಿಗೆ) ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಜನರನ್ನು ಕರೆದೊಯ್ದು, ಒಂದು ಗಿಡವೂ ನಲುಗದಂತೆ ಇಳಿಸಿಕೊಂಡು ಬರಬಹುದು ಎಂದರೆ ನಮ್ಮ ಕಡೆಯ ಹಳೆಯ ಚಾರಣಿಗರು ಒಪ್ಪುತ್ತಿರಲಿಲ್ಲ. ಹೂ ಉಳಿಯಬೇಕಾದರೆ ಜನ ಹೋಗಬಾರದು ಎಂಬುದು ಒಬ್ಬರ ವಾದ. ಇಷ್ಟೆಲ್ಲ ನಿಯಮ ಹಾಕಿದರೆ ಯಾರೂ ಬರುವುದಿಲ್ಲ ಎಂಬುದು ಇನ್ನೊಬ್ಬರದು. ಕೆಲವು ಮಳೆಗಾಲಗಳಿಂದ ಅದೇ ಜಾಗಗಳಿಗೆ ತಂಡಗಳು ಹೋಗಿ ಬರುತ್ತಿವೆ, ಹೂವೂ ಇದೆ, ಬರುವವರೂ ಹೆಚ್ಚಿದ್ದಾರೆ. ಬೂಟು, ಕೊಡೆ, ದಾರಿ ಹುಡುಕುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ಹಾಗಾಗಿ ಕೆಲಸಕ್ಕೆ ಬಂದದ್ದನ್ನೂ ಬಾರದ್ದನ್ನೂ ಮಾತ್ರ ಬರೆಯುತ್ತೇನೆ.

ಪದವಿನ ಬಂಡೆಯ ಮೇಲೆ ಮಣ್ಣಿರುವುದು ಒಂದೆರಡು ಬೆರಳು ದಪ್ಪ. ನೀರು ಜಿನುಗುವ ಆ ತೆಳು ಮಣ್ಣಲ್ಲೇ ಯುಟ್ರಿಕ್ಯುಲೇರಿಯಾ (ಓಣಂ ಹೂವಿನ ರಂಗೋಲಿಗೆ ಮಲಯಾಳಿಗರು ಕೀಳುವ ನೀಲಿ ಕಾಕ್ಕಪ್ಪೂವು), ಅಂಗಿಯ ಬಿಳಿ ಗುಂಡಿಯಂಥ ಎರಿಯೊಕಾಲಾನ್, ಅಂಟು ಹನಿ ಹೊತ್ತ ಡ್ರೊಸೆರಾ. ಹೆಚ್ಚಿನವು ಒಂದೇ ಮಳೆಗಾಲ ಬದುಕುವಂಥವು. ಬೀಜ ಕಟ್ಟುವ ಮೊದಲೇ ತುಳಿದರೆ ಮುಂದಿನ ವರ್ಷಕ್ಕೆ ಆ ಗಿಡದ ಬೀಜವಿಲ್ಲ. ಹೆಜ್ಜೆ ಊರಿದಲ್ಲಿ ಮಣ್ಣು ಕೆಸರಾಗಿ, ಮುಂದಿನ ಜೋರು ಮಳೆಗೆ ಆ ಮಣ್ಣೇ ಕೊಚ್ಚಿಹೋಗಿ ಬಂಡೆ ಬರಿದಾಗುತ್ತದೆ.

ಹಾನಿ ಹೆಚ್ಚಾಗುವುದು ನಡಿಗೆಯಿಂದಲ್ಲ, ಫೋಟೊದಿಂದ. ಒಂದು ಹೂವಿನ ಫೋಟೊಕ್ಕೆ ಎರಡು ಮೊಣಕಾಲು, ಎರಡು ಮೊಣಕೈ, ಒಂದು ಚೀಲ ನೆಲಕ್ಕೆ ತಾಗುತ್ತವೆ. ಕಂಗಿನ (ಅಡಿಕೆ ಮರದ) ಸಲಾಕೆಯಲ್ಲಿ ಒಂದು ಮೀಟರ್ ಚೌಕಟ್ಟು ಮಾಡಿ, ತುಳಿದ ಕಡೆಯನ್ನೂ ತುಳಿಯದ ಕಡೆಯನ್ನೂ ಹೋಲಿಸಿ ನೋಡಿದ್ದೆವು. ಫೋಟೊದವರು ಕೂತೆದ್ದ ಚೌಕದಲ್ಲಿ ಮುಂದಿನ ಸೋಣಕ್ಕೆ ಹೂ ಅರ್ಧಕ್ಕಿಂತ ಕಡಿಮೆ. ಬರಿಯ ಬಂಡೆಯ ಮೇಲೆ ಸಾಲಾಗಿ ನಡೆದ ಕಡೆ, ಪಕ್ಕದ ಗಿಡಗಳಿಗೆ ಏನೂ ಆಗಿರಲಿಲ್ಲ.

ಮೊದಲು ಗಡಿ ಗುರುತಿಸಲು ಹೊರಟು ದುಡ್ಡು ಕಳೆದದ್ದೇ ಹೆಚ್ಚು. ತೆಂಗಿನ ನಾರಿನ ಹಗ್ಗಕ್ಕೆ ಸಾವಿರಕ್ಕೂ ಮೇಲೆ ಹೋಯಿತು. ಮುರಕಲ್ಲಿಗೆ ಗೂಟ ಇಳಿಯುವುದಿಲ್ಲ, ಮೇಯುವ ದನಗಳು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ನಾರು ಕೊಳೆಯುತ್ತದೆ. ಸುಣ್ಣದ ಗೆರೆ ಎಳೆಯೋಣ ಎಂದವರಿದ್ದರು. ಅದು ಮಾಡಲೇಬಾರದ ಕೆಲಸ. ಈ ಮಣ್ಣು ಹುಳಿ, ಸಾರವಿಲ್ಲದ್ದು. ಹಾಗಿರುವುದರಿಂದಲೇ ಯುಟ್ರಿಕ್ಯುಲೇರಿಯಾ, ಡ್ರೊಸೆರಾದಂಥ ಹುಳ ಹಿಡಿಯುವ ಗಿಡಗಳು ಇಲ್ಲಿ ಗೆದ್ದಿವೆ. ಸುಣ್ಣ ಕರಗಿ ಹರಿದರೆ ಅವಕ್ಕೇ ಕುತ್ತು. ಕಲ್ಲು ಜೋಡಿಸಿ ಗೆರೆ ಮಾಡುವುದೂ ಬೇಡ: ಎತ್ತಿದ ಪ್ರತಿ ಕಲ್ಲಿನಡಿ ಒಂದು ಚೇಳೋ ಕಪ್ಪೆಯೋ ಮನೆ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ರಿಬ್ಬನ್ನಿನ ಮಾತೇ ಬೇಡ.

ಕೊನೆಗೆ ನಿಂತದ್ದು ಎರಡು ಉಪಾಯ. ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲ, ಮುಂದೊಬ್ಬ, ಹಿಂದೊಬ್ಬ, ಒಂದೇ ಸಾಲು, ಬರಿಯ ಬಂಡೆಯ ಮೇಲೆ ಮಾತ್ರ. ಎರಡನೆಯದು ಸಲಾಕೆ. ಒಣಗಿದ ಕಂಗಿನ ಸಲಾಕೆ, ಸುಮಾರು ಐದಡಿ ಉದ್ದ, ಹೆಬ್ಬೆರಳು ಅಗಲ, ಚೆನ್ನಾಗಿ ಕೆತ್ತಿ ನಯ ಮಾಡಿದ್ದು. ತುದಿಗೆ ಹಳೆಯ ಸೆಲ್ಫಿ ಸ್ಟಿಕ್ಕಿನ ಮೊಬೈಲ್ ಹಿಡಿಕೆ ಕಟ್ಟಬೇಕು. ಫೋನಿಗೆ ಕ್ಲಿಪ್ ಹಾಕುವ ಮ್ಯಾಕ್ರೊ ಲೆನ್ಸ್, ಇನ್ನೂರೈವತ್ತು ಮುನ್ನೂರು ರೂಪಾಯಿಯದ್ದು ಸಾಕು. ಫೋಟೊ ಒತ್ತಲು ನೂರು ರೂಪಾಯಿಯ ಬ್ಲೂಟೂತ್ ಬಟನ್. ಬಂಡೆಯ ಮೇಲೆ ನಿಂತೇ ಫೋನನ್ನು ಹೂವಿನ ಹತ್ತಿರಕ್ಕೆ ಚಾಚಬಹುದು, ಕಾಲು ಮಣ್ಣಿಗಿಳಿಯುವುದೇ ಇಲ್ಲ.

ಇದರಲ್ಲಿ ಕೆಡುವುದೇನು ಎಂದರೆ ಮೊದಲನೆಯದು ನಡುಕ. ಆ ಲೆನ್ಸಿಗೆ ಹೂ ಎರಡು ಮೂರು ಸೆಂಟಿಮೀಟರ್ ದೂರದಲ್ಲಿರಬೇಕು. ಐದಡಿ ಕೋಲಿನ ತುದಿಯಲ್ಲಿ ಅಷ್ಟು ನಿಖರ ಬರುವುದಿಲ್ಲ. ಸಲಾಕೆಯ ನಡುವಿಗೆ ಕವೆಕೋಲಿನ ಆಸರೆ ಕೊಡಿ, ಕವೆಯ ಬುಡ ಬಂಡೆಯ ಮೇಲಿರಲಿ. ಗಾಳಿಗೆ ಹೂ ತೂಗುತ್ತಿದ್ದರೆ ಫೋಟೊ ಬಿಟ್ಟು ವಿಡಿಯೊ ತೆಗೆಯಿರಿ, ಆಮೇಲೆ ಅದರಿಂದ ಸ್ಪಷ್ಟವಾದ ಒಂದು ಚಿತ್ರ ಆರಿಸಿಕೊಂಡರಾಯಿತು. ಲೆನ್ಸ್ ಮಂಜಾಗುವುದೂ ಉಂಟು; ಮೊದಲೇ ಹೊರಗಿಟ್ಟು ಹೊರಗಿನ ಗಾಳಿಗೆ ಹೊಂದಲು ಬಿಡಬೇಕು. ತುದಿ ಅಲುಗದಿರಲು ನಾವು ಇನ್ನೊಂದು ಸಣ್ಣ ವಸ್ತು ಕಟ್ಟುತ್ತೇವೆ, ಅದನ್ನು ಬಂದವರಿಗೆ ಮಾತ್ರ ತೋರಿಸುವುದು. ಹೀಗೆ ತೆಗೆದ ಡ್ರೊಸೆರಾದ ಚಿತ್ರದಲ್ಲಿ ಎಲೆಯ ಕೆಂಪು ಕೂದಲು, ತುದಿಯ ಹನಿ, ಹನಿಗೆ ಅಂಟಿದ ಗುಂಗುರಿನ ಒಂದು ರೆಕ್ಕೆ, ಎಲ್ಲ ಬೇರೆಬೇರೆ ಕಾಣುತ್ತದೆ. ದೊಡ್ಡ ಕ್ಯಾಮೆರಾ ಹಿಡಿದು ಬಂದವರೂ ಈಗ ನಮ್ಮ ಸಲಾಕೆ ಕೇಳುತ್ತಾರೆ.

ಗುಡ್ಡೆಯ ಬುಡದಲ್ಲಿ ಎಲ್ಲರ ಬೂಟಿನ ಅಡಿಯನ್ನೂ ತೆಂಗಿನ ಸಿಪ್ಪೆಯಿಂದ ಉಜ್ಜಿಸುತ್ತೇವೆ. ರಸ್ತೆ ಬದಿಯ ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿಯ ಇವುಗಳ ಬೀಜ ಬೂಟಿನ ಕೆಸರಿನ ಜತೆಗೂ ಮೇಲೆ ಏರುತ್ತದೆ. ಹಣ್ಣಿನ ಸಿಪ್ಪೆ ಕೊಳೆಯುತ್ತದಲ್ಲ, ಬಿಸಾಡಿದರೇನು ಎಂದು ಕೇಳುವವರಿಗೂ ಇದೇ ಉತ್ತರ: ಕೊಳೆತು ಗೊಬ್ಬರವಾಗುವುದೇ ತೊಂದರೆ, ಗೊಬ್ಬರ ಬಿದ್ದಲ್ಲಿ ಕಳೆ ಬಂದು ಈ ಸಣ್ಣ ಗಿಡಗಳನ್ನು ಮುಚ್ಚುತ್ತದೆ. ಮೂತ್ರಕ್ಕೂ ಅದೇ ಲೆಕ್ಕ. ಬುಡದಲ್ಲಿರುವ ಒಂದು ಮನೆಯವರೊಂದಿಗೆ ಮಾತಾಡಿ, ಶೌಚಾಲಯಕ್ಕೆಂದು ಪ್ರತಿ ಸಲ ಮುನ್ನೂರು ರೂಪಾಯಿ ಕೊಡುತ್ತೇವೆ. ಹೆಂಗಸರು ಹೆಚ್ಚಾಗಿ ಬರತೊಡಗಿದ್ದು ಆಮೇಲೆ.

ಪ್ಲಾಸ್ಟಿಕ್ಕಿಗೆ ಠೇವಣಿ ಇಡಿಸಿ ನೋಡಿದೆವು, ತಲೆಗೆ ಐವತ್ತು ರೂಪಾಯಿ. ಗೇಟು, ಟಿಕೆಟು ಇರುವ ರಾಣಿಪುರದಂಥ ಕಡೆ ಅದು ನಡೆದೀತು. ತೆರೆದ ಪದವಿನಲ್ಲಿ ನಡೆಯಲಿಲ್ಲ. ಇಳಿಯುವಾಗ ಮಳೆಯಲ್ಲಿ ಲೆಕ್ಕ, ಚಿಲ್ಲರೆಯಿಲ್ಲ, ಗೂಗಲ್ ಪೇಗೆ ನೆಟ್‌ವರ್ಕ್ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಐವತ್ತು ಹೋದರೆ ಹೋಗಲಿ ಎಂದು ಬಾಟಲಿ ಅಲ್ಲೇ ಬಿಡುವವರು. ದುಡ್ಡು ಕೊಟ್ಟ ಮೇಲೆ ಬಿಸಾಡುವ ಹಕ್ಕು ಬಂತು ಎನ್ನುವ ಭಾವನೆ. ಈಗ ಬುಡದಲ್ಲೇ ಎಲ್ಲ ಪೊಟ್ಟಣ ಬಿಚ್ಚಿಸಿ ತಿಂಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಿಸುತ್ತೇವೆ. ಮೇಲೆ ಹೋಗುವುದು ಸ್ಟೀಲ್ ಬಾಟಲಿ, ಬಾಳೆಲೆಯಲ್ಲಿ ಕಟ್ಟಿದ ಅವಲಕ್ಕಿ ಮಾತ್ರ. ಎಲೆಯೂ ಕೆಳಗೆ ಬರಬೇಕು. ಹಾದಿಯಲ್ಲಿ ಸಿಕ್ಕಿದ ಬೇರೆಯವರ ಕಸವನ್ನು ಹಸಿರು ಕರ್ಮಸೇನೆಗೆ (ಪಂಚಾಯತಿನ ಕಸ ಸಂಗ್ರಹಿಸುವ ತಂಡಕ್ಕೆ) ಕೊಡುತ್ತೇವೆ. ಅವರು ತೊಳೆದು ಒಣಗಿಸಿದ್ದನ್ನಷ್ಟೇ ತೆಗೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಚಾವಡಿಯಲ್ಲಿ ದಾರ ಕಟ್ಟಿ ಎರಡು ದಿನ ನೇತುಹಾಕಿ, ಆಮೇಲೆ ಒಪ್ಪಿಸಿ.

ಸರಕಾರದ ಕಡೆಯಿಂದ ಸಿಗುವ ಬಲ ಸಣ್ಣದಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತಂಡ ಒಯ್ಯುವ ಮೊದಲು ಅದಕ್ಕೊಂದು ಅರ್ಜಿ ಕೊಡಿ, ಕಂಡ ಗಿಡಗಳ ಪಟ್ಟಿಯನ್ನು ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಿ. ಯಾರಾದರೂ ತಡೆದು ಕೇಳಿದರೆ ತೋರಿಸಲು ಆ ಅರ್ಜಿಯ ಪ್ರತಿ ಕೈಯಲ್ಲಿರಲಿ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಹೂ, ಮರ, ಹಕ್ಕಿ, ಜೀವಿಗಳನ್ನು ಘೋಷಿಸಿತು: ಪೆರಿಯ ಪೊಲತ್ತಾಳಿ, ಕಾಸರಕ, ಬಿಳಿ ಹೊಟ್ಟೆಯ ಕಡಲ ಹದ್ದು, ಚಂದ್ರಗಿರಿ ಹೊಳೆಯ ದೊಡ್ಡ ಮೆತ್ತನೆ ಚಿಪ್ಪಿನ ಆಮೆ. ಆ ಪೊಲತ್ತಾಳಿ ಕೂಡ ಮುರಕಲ್ಲಿನ ಪದವಿನ ಮಳೆತೋಡುಗಳದ್ದೇ. ಅದರ ಗೆಡ್ಡೆ ಅಗೆದು ಒಯ್ಯುವವರಿದ್ದಾರೆ, ಆದ್ದರಿಂದ ಜಾಗ ಬರೆಯುವುದಿಲ್ಲ; ನೀವೂ ಫೋಟೊ ಹಂಚುವಾಗ ಲೊಕೇಶನ್ ತೆಗೆದುಬಿಡಿ. ಫಲಕ ಹಾಕಿಸುವುದಾದರೆ ಕನ್ನಡ, ಮಲಯಾಳ ಎರಡರಲ್ಲೂ ಹಾಕಿಸಿ, ಬರುವವರಲ್ಲಿ ಮಂಗಳೂರಿನವರೇ ಬಹಳ.

ದುಡ್ಡಿನ ಲೆಕ್ಕ ಹೀಗೆ. ಮೊದಲು ಮೂವತ್ತು ಜನ, ತಲೆಗೆ ನೂರೈವತ್ತು. ಎರಡು ವಾಹನ, ಹೆಚ್ಚು ಊಟ, ಕೊನೆಗೆ ಕೈಯಿಂದಲೇ ಹೋಗುತ್ತಿತ್ತು. ಈಗ ಹನ್ನೆರಡು ಜನ, ತಲೆಗೆ ಮುನ್ನೂರು. ಜೀಪಿಗೆ ಸಾವಿರದ ಹತ್ತಿರ, ತಿಂಡಿಗೆ ಒಂಬೈನೂರು, ಶೌಚಾಲಯದ ಮನೆಗೆ ಮುನ್ನೂರು, ಹಿಂದೆ ನಡೆಯುವ ಊರಿನ ಹುಡುಗನಿಗೆ ಏಳುನೂರು. ಉಳಿದದ್ದು ಲೆನ್ಸು, ಬಟನ್ ರಿಪೇರಿಗೆ. ಹನ್ನೆರಡು ಜನರಲ್ಲಿ ಗಿಟ್ಟುವುದಿಲ್ಲ ಎಂದವರು ಈಗ ತಮ್ಮ ತಂಡವನ್ನೂ ಹದಿನೈದಕ್ಕೆ ಇಳಿಸಿದ್ದಾರೆ.

ಇನ್ನು ಬಿಡಬಾರದ ಮೂರು ಮಾತು. ಮಳೆ ಹಿಡಿಯುವ ಮುಂಚೆ, ಬೇಸಿಗೆಯ ಕೊನೆಗೆ ಹೋದರೆ ಟಿಟ್ಟಿಭ ಬರಿಯ ನೆಲದಲ್ಲೇ ಮೊಟ್ಟೆ ಇಟ್ಟಿರುತ್ತದೆ, ಮುರಕಲ್ಲಿನ ಚೂರಿಗೂ ಅದಕ್ಕೂ ವ್ಯತ್ಯಾಸ ಕಾಣದು. ಹಕ್ಕಿ ತಲೆಯ ಮೇಲೆ ಸುತ್ತಿ ಕಿರುಚತೊಡಗಿದರೆ ನಿಂತಲ್ಲಿಂದ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕೆಂಪುಕಲ್ಲು ತೆಗೆದ ಕೋರೆಯಲ್ಲಿ ನೀರು ತಿಳಿಯಾಗಿ ಕಂಡರೂ ಯಾರನ್ನೂ ಇಳಿಸಬೇಡಿ, ಗೋಡೆ ನೆಟ್ಟಗೆ ಕಡಿದದ್ದು, ಹತ್ತಲು ಹಿಡಿ ಸಿಗುವುದಿಲ್ಲ. ತುಲಾ ತಿಂಗಳು (ಅಕ್ಟೋಬರ್–ನವೆಂಬರ್) ಹಿಡಿದ ಮೇಲೆ ಮಧ್ಯಾಹ್ನದ ಸಿಡಿಲು ತೆರೆದ ಪದವಿಗೇ ಹೊಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಹತ್ತಿ, ಹನ್ನೆರಡರೊಳಗೆ ಎಲ್ಲರೂ ಜೀಪಿನ ಹತ್ತಿರ ಇರಬೇಕು.