ಹಂಡೆಯೊಳಗಿನ ಚಟಪಟ: ದೋಟಿ ಪೈಪಿನಿಂದ ಟೈಟನ್‌ವರೆಗೆ

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅಡಿಕೆ ಮರ ಹತ್ತುವವರು ಕಡಿಮೆಯಾದರು, ನನ್ನ ಅಂಗಡಿಗೆ ಮುರಿದ ದೋಟಿ ಹೊತ್ತು ಬರುವವರು ಹೆಚ್ಚಾದರು. ತೀರ್ಥಹಳ್ಳಿ ರಸ್ತೆಯಲ್ಲಿ ಕೂತು ಅವನ್ನು ಕೂಡಿಸಿ ಕೊಡುವುದು ನನ್ನ ಕಸುಬು. ಮೂಲೆಯಲ್ಲಿ ಸದಾ ಒಂದು ಹೊರೆ ತುಂಡು ಪೈಪು ಬಿದ್ದಿರುತ್ತದೆ. ಕೊಳವೆಬಾವಿಗೆ ಇಳಿಸುವ ಕ್ಯಾಮೆರಾಕ್ಕೆ ಕವಚ ಮಾಡುವಾಗ ಆ ರಾಶಿಗೇ ಕೈ ಹಾಕಿದ್ದು ಜಿಪುಣತನದಿಂದ. ಮಾಚೇನಹಳ್ಳಿಯ ಲೇತಿನವರು ಅಂದೇ ಹೇಳಿದ್ದರು: “ಒಂದು ಸ್ಟೀಲ್ ಪೈಪು ಹಾಕಿ ಕೈ ತೊಳೆದುಕೊಳ್ಳಿ ಮಾರಾಯರೇ.” ಅವರ ಮಾತು ಸರಿಯೇ ಇತ್ತು. ಆದರೆ ಕೇಳಿಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು?

ದೋಟಿಯ ಬುಡದ ತುಂಡು, ಸುಮಾರು 60 ಮಿಲಿಮೀಟರ್ ದಪ್ಪ, ಗೋಡೆ ಎರಡು ಮಿಲಿಮೀಟರ್. ಎರಡು ಬಾಯಿಗೂ ಅಲ್ಯೂಮಿನಿಯಂ ಬಿರಡೆ, ಎಪಾಕ್ಸಿ ಅಂಟು, ಒಂದು ಕಡೆ ಅಕ್ರಿಲಿಕ್ ಕಿಟಕಿ. ಎರಡು ಬಾವಿಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಮೂರನೆಯದರಲ್ಲಿ ನೀರಿನ ಮಟ್ಟದಿಂದ ಮುನ್ನೂರೈವತ್ತು ಅಡಿ ಕೆಳಗೆ ಹೋದಾಗ ಚಿತ್ರ ಒಮ್ಮೆಲೇ ಕಪ್ಪಾಯಿತು. ಮೇಲೆಳೆದರೆ ಕೇಬಲ್ಲಿನ ತುದಿಯಲ್ಲಿ ಬರೀ ಬಿರಡೆ. ಕ್ಯಾಮೆರಾ, ದೀಪ ಸೇರಿ ಹದಿನಾಲ್ಕು ಸಾವಿರ ಹೋಯಿತು. ಚೂರುಗಳು ಪಂಪಿಗೆ ಸಿಕ್ಕಿಕೊಂಡಾವು ಎಂದು ತೋಟದ ಯಜಮಾನರು ಮುಖ ಊದಿಸಿಕೊಂಡದ್ದು ಬೇರೆ.

ಅದು 2023ರ ಮಳೆಗಾಲ. ಜೂನ್ 18ರಂದು ಟೈಟಾನಿಕ್ ನೋಡಲು ಇಳಿದ ಟೈಟನ್ ಜಲಾಂತರ ನೌಕೆ ಒಳಕ್ಕೆ ಕುಸಿದು ಐವರು ಸತ್ತಿದ್ದರು. ಅದರ ಒಡಲೂ ಕಾರ್ಬನ್ ಫೈಬರೇ, ತುದಿಗಳಿಗೆ ಟೈಟೇನಿಯಂ ಉಂಗುರಗಳನ್ನು ಅಂಟಿನಿಂದಲೇ ಕೂಡಿಸಿದ್ದರು. ಅಂಗಡಿಗೆ ಬಂದವರೆಲ್ಲ ನನ್ನನ್ನು ನೋಡಿ ನಗುವವರೇ. ಕಿಟಕಿ ಹೋಯಿತೋ, ಅಂಟು ಬಿಟ್ಟಿತೋ, ಪೈಪೇ ಚೂರಾಯಿತೋ ಎಂದು ಜಗತ್ತು ಕೇಳುತ್ತಿದ್ದ ಪ್ರಶ್ನೆಯೇ ನನ್ನದೂ ಆಗಿತ್ತು. ಅವರು ಹೊರಟದ್ದು 3,800 ಮೀಟರಿಗೆ, ನನ್ನದು ನೂರು ಚಿಲ್ಲರೆ, ಅಷ್ಟೇ.

ಉತ್ತರ ಬೇಕಾದರೆ ಕವಚವನ್ನು ಒಳಗಿಟ್ಟು ನೀರಿನಿಂದ ಹಿಂಡುವ ಪಾತ್ರೆಯೊಂದು ಬೇಕಿತ್ತು. ಭದ್ರಾವತಿಯ ಗುಜರಿಯಲ್ಲಿ ದಪ್ಪ ಗೋಡೆಯ ಸೀಮ್‌ಲೆಸ್ ಪೈಪಿನ ತುಂಡು ಸಿಕ್ಕಿತು. ಫ್ಲೇಂಜ್ ಕೂರಿಸಿ, ಪೈಪ್‌ಲೈನ್ ಪರೀಕ್ಷಿಸುವ ಹಳೆಯ ಕೈಪಂಪು ಜೋಡಿಸಿದೆ. ಮನೆಯವರು ಅದನ್ನು ಹಂಡೆ ಎಂದೇ ಕರೆಯುತ್ತಾರೆ. ಒಟ್ಟು ಹನ್ನೊಂದು ಸಾವಿರ ಆಗಿರಬೇಕು. ಒಳಗೆ ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು, ಇಲ್ಲವಾದರೆ ಮುಚ್ಚಳ ಮಾಡಿನ ಹೆಂಚು ಹುಡುಕಿಕೊಂಡು ಹೋಗುತ್ತದೆ. ನನ್ನದು ಒಮ್ಮೆ ಹೋಗಿದೆ.

ದೋಟಿಯ ತುಂಡುಗಳು ಚದರ ಸೆಂಟಿಮೀಟರಿಗೆ ಹತ್ತರಿಂದ ಹದಿಮೂರು ಕೆಜಿ ಒತ್ತಡಕ್ಕೆ (ಹತ್ತು ಮೀಟರ್ ನೀರಿಗೆ ಸುಮಾರು ಒಂದು ಕೆಜಿ) ಒಂದೊಂದಾಗಿ ಹೋದವು. ಪಿವಿಸಿ ಪೈಪು ಒತ್ತಡಕ್ಕೆ ಚೀಪಿದ ಮಾವಿನ ಓಟೆಯಂತೆ ಚಪ್ಪಟೆಯಾಗುತ್ತದೆ, ಸಭ್ಯವಾಗಿ. ಫೈಬರ್ ಹಾಗಲ್ಲ, ಡಬ್ ಎಂದರೆ ಮುಗಿಯಿತು. ಬಗ್ಗದಿರಲೆಂದು ದೋಟಿಯಲ್ಲಿ ಎಳೆಗಳನ್ನು ಹೆಚ್ಚಾಗಿ ಉದ್ದುದ್ದಕ್ಕೆ ಹಾಸಿರುತ್ತಾರೆ. ನೀರು ಹಿಂಡುವುದು ಸುತ್ತಲಿನಿಂದ. ದಿನಾ ಕೈಯಲ್ಲಿ ಹಿಡಿಯುವ ನನಗೇ ಇದು ಹೊಳೆಯದೆ ಹೋಯಿತಲ್ಲ!

ಆಮೇಲೆ ಗ್ರೀಸ್ ಹಚ್ಚಿದ ಸ್ಟೀಲ್ ಕೊಳವೆಯ ಮೇಲೆ ನಾನೇ ಫೈಬರ್ ಎಳೆಗಳನ್ನು ಅಡ್ಡಡ್ಡ ಸುತ್ತತೊಡಗಿದೆ, ಗೋಡೆ ಮೂರು ಮಿಲಿಮೀಟರ್. ಮೊದಲ ನಾಲ್ಕು ಹಾಳಾದವು. ಪದರ ಸುಕ್ಕಾದಲ್ಲಿ ಅರದಿಂದ ಉಜ್ಜಿ ಮಟ್ಟ ಮಾಡಿದ್ದೆ, ಸರಿಯಾಗಿ ಅಲ್ಲೇ ಬಿಟ್ಟುಕೊಂಡವು. ಟೈಟನ್‌ನ ಐದಿಂಚಿನ ಗೋಡೆಯನ್ನೂ ಒಂದೊಂದಿಂಚಿನ ಐದು ಪದರಗಳಲ್ಲಿ ಕಟ್ಟಿ, ನಡುವೆ ಉಬ್ಬುಗಳನ್ನು ಉಜ್ಜಿ ತೆಗೆದಿದ್ದರೆಂದು ವಿಚಾರಣೆಯಲ್ಲಿ ಹೊರಬಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಎಂದರೆ ತಪ್ಪು ತಿಳಿಯಬೇಡಿ.

ಅಂಟಿನದು ಇನ್ನೊಂದು ಗೋಳು. ಆಷಾಢದ ತೇವಕ್ಕೆ ಎಪಾಕ್ಸಿಯ ಮೈಯೆಲ್ಲ ಜಿಡ್ಡುಜಿಡ್ಡು. ಅಡಿಕೆ ಒಣಗಿಸುವ ಡ್ರೈಯರಿನಲ್ಲಿಟ್ಟ ಮೇಲೆ ದಾರಿಗೆ ಬಂತು. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ, ಅದಕ್ಕೆ ಒಂದು ವರ್ಷ ತೆತ್ತಿದ್ದೇನೆ. ಹಿಂಡಿದಾಗ ಪೈಪು ಕುಗ್ಗಿದಷ್ಟು ಗಟ್ಟಿ ಬಿರಡೆ ಕುಗ್ಗುವುದಿಲ್ಲ, ಹಾಗಾಗಿ ಬಾಯಿಯ ಸುತ್ತ ಬಿಳಿಯ ಗೆರೆ ಮೂಡುತ್ತದೆ. ಅದಕ್ಕೂ ಒಂದು ಉಪಾಯ ಮಾಡಿದ್ದೇನೆ, ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ಈಗ ಎಲ್ಲರೂ ನಕ್ಕ ವಿಷಯ. ಎಳೆ ಹರಿಯುವ ಸದ್ದು ಕೇಳಲೆಂದು, ಕಂಪನವನ್ನು ವಿದ್ಯುತ್ತಾಗಿಸುವ ಹತ್ತು ರೂಪಾಯಿಯ ಬಜರ್ ಬಿಲ್ಲೆಯನ್ನು ಕವಚದ ಒಳಗೋಡೆಗೆ ಅಂಟಿಸಿ, ತಂತಿ ಹೊರತೆಗೆದು ಮೊಬೈಲಿನಲ್ಲಿ ಸದ್ದು ಹಿಡಿದೆ. ಮೊದಲು ಹಂಡೆಯ ಹೊರಮೈಗೆ ಅಂಟಿಸಿದ್ದೆ. ಪಂಪಿನ ವಾಲ್ವಿನ ಟಿಕ್‌ಟಿಕ್ಕನ್ನೇ ಬಿರುಕೆಂದು ಎಣಿಸಿ ಎರಡು ಒಳ್ಳೆಯ ಕವಚಗಳನ್ನು ಎಸೆದೆ. ಒಳಗೆ ಅಂಟಿಸಿದಾಗ ತಂತಿಯ ತೂತಿನಿಂದ ಒತ್ತಡದ ನೀರು ಚಿಮ್ಮಿ ಮೊಬೈಲು ಹೋಯಿತು, ಒಂಬತ್ತು ಸಾವಿರ. ಕೊನೆಗೆ ಎರಡೆರಡು ಕೆಜಿ ಏರಿಸುವುದು, ಕೈ ಬಿಡುವುದು, ಎರಡು ನಿಮಿಷ ಸುಮ್ಮನೆ ಕಿವಿಗೊಡುವುದು ಎಂದು ರೂಢಿ ಮಾಡಿಕೊಂಡೆ.

ಹೊಸ ಕವಚ ಮೊದಲ ಸಲ ಚಟಪಟ ಅನ್ನುವುದು ಸಹಜ. ಮೂವತ್ತಕ್ಕೆ ಹೋಗಿ ಬಂದದ್ದು ಮತ್ತೊಮ್ಮೆ ಏರಿಸುವಾಗ ಮೂವತ್ತರ ತನಕ ಮೌನವಾಗಿರಬೇಕು. ಅದಕ್ಕಿಂತ ಎಷ್ಟೋ ಮುಂಚೆ ಬಾಯಿ ಬಿಟ್ಟರೆ ಒಳಗೆ ಏನೋ ಹರಿದಿದೆ. ನಾನೇ ಕಂಡುಹಿಡಿದೆ ಎಂದು ಬೀಗುತ್ತಿದ್ದೆ. ಜರ್ಮನಿಯ ಜೋಸೆಫ್ ಕೈಸರ್ 1950ರಲ್ಲೇ ಲೋಹಗಳಲ್ಲಿ ಇದನ್ನು ಬರೆದಿಟ್ಟಿದ್ದಾರೆಂದು ಎಂಜಿನಿಯರಿಂಗ್ ಓದುವ ಅಣ್ಣನ ಮಗ ಹೇಳಿ ನನ್ನ ಗಾಳಿ ತೆಗೆದ.

ಏಳನೆಯ ಕವಚ ಹದಿನೇಳು ಕೆಜಿಗೇ ಮಾತಾಡಿತು. ಹೊರಗೆ ನೋಡಿದರೆ ಕನ್ನಡಿ. “ಹಿಂದಿನ ವಾರ ಮೂವತ್ತು ತಡೆದಿದೆ, ಇಳಿಸಿ” ಎಂದರು ಲೇತಿನವರು. ಅವರ ಕಣ್ಣೆದುರೇ ಒತ್ತುತ್ತಾ ಹೋದೆ. ಇಪ್ಪತ್ತನಾಲ್ಕಕ್ಕೆ ಡಬ್! ಅವರು ಚಹಾ ಕುಡಿಯದೆ ಹೋದರು.

ಟೈಟನ್‌ನಲ್ಲೂ ಇಂಥ ಕಿವಿಗಳಿದ್ದವು. ಅಪಾಯಕ್ಕೆ ಮೊದಲು ಅವು ಕೂಗುತ್ತವೆ, ಮೇಲೆ ಬರಲು ಸಮಯ ಸಿಗುತ್ತದೆ ಎಂದು ಟೈಟನ್ ಕಟ್ಟಿದ ಓಷನ್‌ಗೇಟ್ ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್ ನಂಬಿದ್ದರು. 2022ರ ಜುಲೈನಲ್ಲಿ, 80ನೆಯ ಮುಳುಗಿನಿಂದ ಮೇಲೆ ಬರುವಾಗ ದೊಡ್ಡ ಸದ್ದಾಯಿತು. ಆಮೇಲೆ ಒಡಲು ಹಿಗ್ಗಿ ಕುಗ್ಗುವ ಅಳತೆಗಳೇ ಬದಲಾಗಿದ್ದವೆಂದು 2024ರ ಸೆಪ್ಟೆಂಬರಿನ ಅಮೆರಿಕ ಕೋಸ್ಟ್ ಗಾರ್ಡ್ ವಿಚಾರಣೆಯಲ್ಲಿ ತೋರಿಸಿದರು. ಕಿಟಕಿಗೆ 1,300 ಮೀಟರ್‌ಗಷ್ಟೇ ಪ್ರಮಾಣಪತ್ರವಿತ್ತೆಂದು ಕಂಪನಿಯ ಮಾಜಿ ನೌಕರ ಡೇವಿಡ್ ಲಾಕ್ರಿಜ್ 2018ರಲ್ಲೇ ದೂರಿದ್ದರು ನಿಜ. ಆದರೂ ನನ್ನ ಹಂಡೆಯನ್ನು ಕೇಳಿದರೆ ಪದರದ ಕಡೆಗೇ ಬೆರಳು ತೋರಿಸುತ್ತದೆ. ಸದ್ದು ಬಂತೆಂದರೆ ಆಗಲೇ ಒಂದಷ್ಟು ಎಳೆ ಹೋಗಿರುತ್ತದೆ. ಮುಂದಿನ ಡಬ್‌ಗೆ ಎಷ್ಟು ಹೊತ್ತಿದೆ ಎಂದು ನನ್ನ ಬಿಲ್ಲೆ ಒಮ್ಮೆಯೂ ಹೇಳಿಲ್ಲ. ದಡದಲ್ಲಿಟ್ಟು ಕೇಳಬೇಕಾದದ್ದನ್ನು ಅವರು ಜನರನ್ನು ಕೂರಿಸಿಕೊಂಡು ಕೇಳಿದರು.

ಆ ಒಡಲನ್ನು ಕೆನಡಾದ ಚಳಿಗಾಲದಲ್ಲಿ ಬಯಲಲ್ಲೇ ಇಟ್ಟಿದ್ದರೆಂದು ಓದಿ, ಬಿರುಕಿದ್ದ ಎರಡು ತುಂಡುಗಳನ್ನು ನೆನೆಸಿ ವಾರಗಟ್ಟಲೆ ಫ್ರೀಜರಿನಲ್ಲಿಟ್ಟೆ. ಮೂರ್ನಾಲ್ಕು ಕೆಜಿ ಮೊದಲೇ ಹೋದವು. ಎರಡೇ ತುಂಡು, ಲೆಕ್ಕಕ್ಕೆ ಹಿಡಿಯಬೇಡಿ. ಮನೆಯವಳು ಮೂರನೆಯದಕ್ಕೆ ಜಾಗ ಕೊಡಲಿಲ್ಲ.

ಒಂಬತ್ತನೆಯ ಕವಚ ಸಾಗರದಿಂದ ಕೊಪ್ಪದವರೆಗೆ ನಲವತ್ತಕ್ಕೂ ಹೆಚ್ಚು ಬಾವಿ ಇಳಿದಿದೆ, ಬಾವಿಗೆ ಸಾವಿರದೈನೂರು. ಐದೈದು ಬಾವಿಗೊಮ್ಮೆ ಹಂಡೆಗೆ ಹೋಗುತ್ತದೆ. ಕಳೆದ ತಿಂಗಳು ಲೇತಿನವರು ಒಂದು ಸ್ಟೀಲ್ ಕವಚ ಹಿಡಿದು ಬಂದರು, ಕಿಟಕಿಯ ಓ-ರಿಂಗ್ ಎಲ್ಲಿ ಸೋರುತ್ತದೆಂದು ತಿಳಿಯುತ್ತಿಲ್ಲವಂತೆ. ಹಂಡೆಗೆ ಹಾಕಿ ತೋರಿಸಿ, ಮುನ್ನೂರು ರೂಪಾಯಿ ಎಣಿಸಿಕೊಂಡೆ.