ಹೊಳೆ ಬಂದು ಮನೆ ಬಿಟ್ಟವರು ನಿಮ್ಮ ಬಾಗಿಲಿಗೆ ಬಂದಾಗ

2020ರ ಅಕ್ಟೋಬರ್. ನವರಾತ್ರಿ ಘಟ ಕೂಡಿಸುವ ಹಿಂದಿನ ದಿನ ಸಂಜೆ ನಮ್ಮ ಸಣ್ಣವ್ವ, ಅಂದರೆ ಚಿಕ್ಕಮ್ಮನ ಫೋನ್ ಬಂತು. "ಹೊಳಿ ಊರ ಅಗಸಿ ದಾಟಿ ಒಳಗ ಬಂದದ. ನಿಮ್ಮನಿಗೆ ಬರ್ಲಿಕ್ಕತ್ತೀವಿ ನೋಡವ್ವ," ಅಂದಳು. ಸಣ್ಣವ್ವನ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೇ ಇದೆ. ರಾತ್ರಿ ಒಂಬತ್ತಕ್ಕೆ ಟಂಟಂ ಆಟೊ ನಮ್ಮ ಬಾಗಿಲ ಮುಂದೆ ನಿಂತಿತು. ಸಣ್ಣವ್ವ, ಕಾಕಾ, ಅವರ ಮಗ, ಐದು ತಿಂಗಳ ಬಸುರಿ ಸೊಸೆ, ಎರಡು ಮಕ್ಕಳು ಇಳಿದರು. ಕೊನೆಗೆ ಒಬ್ಬ ಮುದುಕಿ ಇಳಿದಳು. ಅವಳು ನಮಗೆ ಸಂಬಂಧಿಕಳಲ್ಲ, ಸಣ್ಣವ್ವನ ಪಕ್ಕದ ಮನೆಯವಳು. "ಆಯಿಗಿ ಯಾರೂ ಇಲ್ಲ, ಬಿಟ್ಟು ಹ್ಯಾಂಗ ಬರೋದು?" ಅಂದಳು ಸಣ್ಣವ್ವ.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ ಇದೆ. ಏಳು ಮಂದಿ ಹದಿನೆಂಟು ದಿನ ಇದ್ದರು. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಮತ್ತೆ ಉಕ್ಕಿದಾಗ ಮತ್ತೆ ಬಂದರು. ಎರಡು ಸಲದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಹೊಳೆ ದಂಡೆಯ ಊರಲ್ಲಿ ಬೀಗರು, ಬಳಗ, ಪರಿಚಯದವರು ಇರುವ ಯಾರಿಗಾದರೂ ಇದು ಬೇಕಾಗಬಹುದು.

ಮೊದಲು ಒಂದು ವಿಷಯ. ನಮ್ಮ ಕಡೆ ಆಕಾಶ ನೋಡಿ ಹೊಳೆಯ ಲೆಕ್ಕ ಹಾಕಬೇಡಿ. 2020ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕ್ಟೋಬರ್ 13ಕ್ಕೆ ಕಾಕಿನಾಡ ಹತ್ತಿರ ದಡ ದಾಟಿ, ತೆಲಂಗಾಣದ ಮೇಲೆ ಹಾದು ನಮ್ಮ ಕಡೆಗೇ ಬಂತು. ಇಲ್ಲೂ ಸುರಿಯಿತು, ಮಹಾರಾಷ್ಟ್ರದಲ್ಲೂ ಸುರಿಯಿತು. ಅಲ್ಲಿನ ಉಜನಿ, ವೀರ್ ಜಲಾಶಯಗಳಿಂದ ಭೀಮಾಕ್ಕೆ ನೀರು ಬಿಟ್ಟರು. ಇಲ್ಲಿ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಹೊಳೆ ಬಂತು. ಅದಕ್ಕೇ ದಂಡೆಯ ಊರಿನವರು ಮಳೆ ಎಷ್ಟು ಅಂತ ಕೇಳುವುದಿಲ್ಲ, "ಸೊನ್ನದಿಂದ ಎಷ್ಟು ಬಿಟ್ಟಾರ?" ಅಂತ ಕೇಳುತ್ತಾರೆ. ಸೊನ್ನ ಅಂದರೆ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾಕ್ಕೆ ಕಟ್ಟಿದ ಬ್ಯಾರೇಜು. ಅಲ್ಲಿಂದ ನೀರು ಬಿಟ್ಟ ಸುದ್ದಿ ಕಿವಿಗೆ ಬಿದ್ದ ತಕ್ಷಣ ನೀವೇ ಫೋನ್ ಮಾಡಿ, "ಬರ್ರಿ" ಅನ್ನಿ. ಅವರು ಕೇಳಲಿ ಅಂತ ಕಾಯಬೇಡಿ. ಸಣ್ಣವ್ವ ಎರಡು ದಿನ ಸಂಕೋಚದಿಂದ ಫೋನ್ ಮಾಡಿರಲಿಲ್ಲ. ಆ ಎರಡು ದಿನದಲ್ಲಿ ಕಾಳಿನ ಚೀಲ ತರಬಹುದಿತ್ತು. ಬರುವಾಗ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಬಸುರಿಯ ತಾಯಿ ಕಾರ್ಡ್, ಗುಳಿಗೆ ಚೀಟಿ ಇಷ್ಟನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬರಲು ಫೋನಿನಲ್ಲೇ ಹೇಳಿ. ದಾರಿ ಮುಳುಗಿ ಸಿಕ್ಕಿಬಿದ್ದಿದ್ದರೆ ಜಿಲ್ಲಾ ಸಹಾಯವಾಣಿ 1077, ಇಲ್ಲವೇ 112.

ಮೊದಲ ರಾತ್ರಿ

ಮೊದಲ ರಾತ್ರಿ ಮಾತು ಬೇಡ. ಬಿಸಿನೀರು, ಒಣಗಿದ ಬಟ್ಟೆ, ಬಿಸಿ ಅನ್ನ ಸಾರು ಸಾಕು. ಓಣಿಯವರು ನೋಡಲು ಬರುತ್ತಾರೆ, "ಎಷ್ಟು ಲುಕ್ಸಾನ ಆಯ್ತ್ರಿ?" ಅಂತ ಕೇಳುತ್ತಾರೆ. ಕರುಣೆಯಿಂದಲೇ ಕೇಳುತ್ತಾರೆ, ನಿಜ. ಆದರೆ ಹತ್ತು ಮಂದಿಗೆ ಹತ್ತು ಸಲ ಅದನ್ನೇ ಹೇಳುವಾಗ ಕಾಕಾನ ಧ್ವನಿ ಒಂದೊಂದು ಸಲಕ್ಕೂ ಸಣ್ಣದಾಗುತ್ತಿತ್ತು. ಮರುದಿನದಿಂದ ನಾನೇ ಹೊಸ್ತಿಲಲ್ಲಿ ನಿಂತು, "ಈಗ ಮಲಗ್ಯಾರ, ನಾಳಿ ಬರ್ರಿ" ಅಂತ ಕಳಿಸಿದೆ. ಈ ಕೆಲಸ ಮನೆಯವರೇ ಮಾಡಬೇಕು. ಬಂದವರಿಗೆ ಬಾಯಿ ಬರುವುದಿಲ್ಲ.

ಆ ರಾತ್ರಿಯೇ ಬಚ್ಚಲು ಎಲ್ಲಿ, ಲೈಟಿನ ಬಟನ್ ಎಲ್ಲಿ, ಕುಡಿಯುವ ನೀರು ಯಾವುದು ಅಂತ ಕೈ ಹಿಡಿದು ತೋರಿಸಿ. ನಾನು ಸಣ್ಣವ್ವನಿಗೆ ತೋರಿಸಿದೆ, ಆಯಿಗೆ ತೋರಿಸಲು ಮರೆತೆ. ಅವಳು ಬೆಳಗಿನ ನಾಲ್ಕು ಗಂಟೆಗೆ ಹಿತ್ತಲ ಕತ್ತಲಲ್ಲಿ ತಡಕಾಡಿ ಕಲ್ಲಿಗೆ ಕಾಲು ಜಜ್ಜಿಕೊಂಡಿದ್ದಳು. ಯಾರನ್ನೂ ಎಬ್ಬಿಸಿರಲಿಲ್ಲ.

ಇನ್ನೊಂದು, ಮರುದಿನವೇ ಮನೆಯ ಕೀಲಿಯ ಇನ್ನೊಂದು ಪ್ರತಿ ಮಾಡಿಸಿ ಅವರ ಕೈಗೆ ಕೊಡಿ. ನನ್ನ ಪ್ರಕಾರ ಈ ಬರಹದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಕೀಲಿ ಇಲ್ಲದವರು ಹೊರಗೆ ಹೋಗುವುದಕ್ಕೂ ನಿಮ್ಮ ಮುಖ ನೋಡಬೇಕು, ಒಳಗೆ ಬರುವುದಕ್ಕೂ ನೋಡಬೇಕು.

ನೀರು, ಔಷಧಿ

ಕಲಬುರಗಿಗೆ ಕುಡಿಯುವ ನೀರು ಬರುವುದು ಭೀಮಾದ ಸರಡಗಿಯಿಂದ ಮತ್ತು ಬೆಣ್ಣೆತೊರೆಯಿಂದ. ಹೊಳೆ ಕೆಂಪಾದರೆ ನಳದ ನೀರಿಗೂ ಬಣ್ಣ ಬರುತ್ತದೆ. ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ನಾಲ್ಕು ಓಆರ್‌ಎಸ್ ಪುಡಿ ಇರಲಿ. ಪ್ರವಾಹದ ನೀರಲ್ಲಿ ನಡೆದು ಬಂದವರಿಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ "ಸುಮ್ನೆ ನೆಗಡಿ" ಅಂತ ಬಿಡಬೇಡಿ. ಇಲಿ ಜ್ವರ ಬರುವುದು ಆ ನೀರಿನಿಂದಲೇ. ನೀರಿನಲ್ಲಿ ನಡೆದಿದ್ದಾರೆ ಅನ್ನುವುದನ್ನು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.

ಬಿಪಿ, ಶುಗರ್ ಗುಳಿಗೆ ಯಾರು ಯಾರು ತೆಗೆದುಕೊಳ್ಳುತ್ತಾರೆ ಅಂತ ಮೊದಲ ದಿನವೇ ಕೇಳಿ. ಕಾಕಾ ಮೂರು ದಿನ ಬಿಪಿ ಗುಳಿಗೆ ಇಲ್ಲದೆ ಇದ್ದರು, ಹೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಗುಳಿಗೆ ದುಡ್ಡಿಲ್ಲದೆ ಸಿಗುತ್ತದೆ. ಬಸುರಿ ಇದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರು ತಾಯಿ ಕಾರ್ಡ್ ನೋಡಿ ಮುಂದಿನದು ಹೇಳುತ್ತಾರೆ.

ಸೀರೆ ಸಾಕು, ಜಂಪರ್ ಕೊಡಿ

ಪ್ರವಾಹ ಅಂದ ಕೂಡಲೇ ಮಂದಿ ಹಳೆ ಸೀರೆ ಕೊಡುತ್ತಾರೆ. ನಮ್ಮ ಮನೆಗೇ ಹದಿನೈದು ಸೀರೆ ಬಂದವು. ಜಂಪರ್, ಅಂದರೆ ಬ್ಲೌಸ್, ಒಂದೂ ಬರಲಿಲ್ಲ. ಒಬ್ಬರ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲ ಅಂತ ಯಾರೂ ಕೊಡುವುದಿಲ್ಲ. ಸಣ್ಣವ್ವ ಹಗಲು ಉಟ್ಟ ಜಂಪರನ್ನೇ ರಾತ್ರಿ ಒಗೆದು, ಸೆರಗು ಬಿಗಿಯಾಗಿ ಹೊದ್ದು, ಹಸಿ ಆರದಿದ್ದರೂ ಬೆಳಿಗ್ಗೆ ಅದನ್ನೇ ಹಾಕಿಕೊಳ್ಳುತ್ತಿದ್ದಳು. ನಾನು ದರ್ಜಿ ಕೆಲಸದವಳು. ಎದುರಿಗೇ ಕೂತಿದ್ದೆ, ಆದರೂ ಎರಡು ದಿನ ಕಾಣಲಿಲ್ಲ, ನನಗೆ ಇಂದಿಗೂ ಅದು ಚುಚ್ಚುತ್ತದೆ. ಮೂರನೇ ದಿನ ಮೂವರಿಗೂ ಅಳತೆ ತೆಗೆದು ಎರಡೆರಡು ಹೊಲಿದೆ. ನಿಮಗೆ ಹೊಲಿಗೆ ಬರದಿದ್ದರೆ ಓಣಿಯ ದರ್ಜಿಗೆ ಹೇಳಿ, ಒಂದು ದಿನದ ಕೆಲಸ. ಲಂಗ, ಒಳಬಟ್ಟೆ, ಪ್ಯಾಡ್ ಇವನ್ನು ಕೇಳದೆಯೇ ತಂದು ಬಚ್ಚಲಿನ ಗೂಡಿನಲ್ಲಿ ಇಟ್ಟುಬಿಡಿ. ಗಂಡಸರಿಗೆ ಲುಂಗಿ, ಟವಲ್, ಕಾಲಿಗೆ ಚಪ್ಪಲಿ. ಓಡಿ ಬಂದವರ ಚಪ್ಪಲಿ ರಾಡಿಯಲ್ಲೇ ಉಳಿದಿರುತ್ತದೆ.

ಓಣಿಗೆ ಹಂಚಿ

ಏಳು ಮಂದಿ ಒಂದು ಮನೆಗೆ ಜಾಸ್ತಿ, ಒಂದು ಓಣಿಗೆ ಜಾಸ್ತಿಯಲ್ಲ. "ಏನಾದ್ರೂ ಬೇಕಾದ್ರ ಹೇಳ್ರಿ" ಅಂದವರಿಗೆ ಆ ಕ್ಷಣವೇ ಒಂದು ಕೆಲಸ ಹೇಳಿ. ಎದುರು ಮನೆಯ ಬಾಬಿ ಮೇಲಿನ ಕೋಣೆ ಕೊಟ್ಟರು, ಅದು ಕೊರೊನಾ ಕಾಲ ಬೇರೆ, ಗಂಡಸರೆಲ್ಲ ಅಲ್ಲೇ ಮಲಗಿದರು. ಮೂರು ಮನೆಯವರು ಸರದಿ ಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಇಂಥ ಹೊತ್ತಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೂಲೆಮನೆಯ ಕಾಲೇಜು ಹುಡುಗ ಮಕ್ಕಳನ್ನು ದಿನಾ ಒಂದು ತಾಸು ಓದಿಸಲು ಕೂಡಿಸಿದ. ರೇಷನ್ ಕಾರ್ಡ್ ಕೈಯಲ್ಲಿದ್ದರೆ ನಿಮ್ಮ ಓಣಿಯ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆದುಕೊಳ್ಳಬಹುದು. ಅವರ ಪಾಲಿನ ಅಕ್ಕಿ ಅವರೇ ತಂದರೆ ಊಟದ ಹೊತ್ತಿಗೆ ಅವರ ಮುಖವೇ ಬೇರೆ ಇರುತ್ತದೆ.

ಹಂಗು

ಶರಣಬಸವೇಶ್ವರರ ಊರಲ್ಲಿ ದಾಸೋಹ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಉಣಿಸುವವನೇ ದಾಸ. ಆದರೆ ಉಣ್ಣುವವರ ಮನಸ್ಸಿನಲ್ಲಿ ಹಂಗು ಇದ್ದೇ ಇರುತ್ತದೆ. ಸಂಬಂಧಿಕರಿಗೆ ಕಡಿಮೆ, ಸಂಬಂಧ ಇಲ್ಲದವರಿಗೆ ಬಹಳ.

ಆಯಿ ಒಂದೇ ರೊಟ್ಟಿ ತಿನ್ನುತ್ತಿದ್ದಳು. ಇನ್ನೊಂದು ಹಾಕಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಹಸಿವಿ ಇಲ್ಲವ್ವ" ಅನ್ನುತ್ತಿದ್ದಳು. ರಾತ್ರಿ ಬಾಗಿಲ ಪಕ್ಕ ಪರಸಿ ಕಲ್ಲಿನ ಮೇಲೆ, ತನ್ನ ಗಂಟಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ನಾಲ್ಕನೇ ದಿನ ನನ್ನ ಹತ್ತಿರ ಬಂದು, "ನನಗ ಏನರೆ ಕೆಲಸ ಕೊಡು, ಹಿಂಗ ಕುಂತು ಉಣ್ಣಲಿಕ್ಕಿ ಬಾಯಿಗಿ ರುಚಿ ಇಲ್ಲ," ಅಂದಳು. ನಾನು ದೊಡ್ಡ ಮನಸ್ಸಿನಿಂದಲೇ, "ನೀ ಸುಮ್ನ ಕೂಡು ಆಯಿ" ಅಂದುಬಿಟ್ಟೆ. ಅದು ತಪ್ಪು. ಆ ರಾತ್ರಿ ಅವಳು ಆ ಒಂದು ರೊಟ್ಟಿಯನ್ನೂ ಅರ್ಧ ಬಿಟ್ಟಳು.

ಮರುದಿನ ಮಿಷನ್ ಕೆಳಗಿನ ಚಿಂದಿ ಗಂಟು ಎಳೆದು ಅವಳ ಮುಂದೆ ಇಟ್ಟೆ. ನಮ್ಮ ಕಡೆ ಮಾನಾಮಿಗೆ, ಅಂದರೆ ಮಹಾನವಮಿಗೆ, ಮುಂಚೆ ಚಿಂದಿ ಸೇರಿಸಿ ಹೊಲಿದ ಮನೆಯ ಕೌದಿ ಎಲ್ಲ ಒಗೆಯುತ್ತಾರೆ ಅಲ್ವಾ? ಆಯಿ ಒಗೆದು ಮಡಚಿಟ್ಟ ನಾಲ್ಕೂ ಕೌದಿ ಹೊಳೆ ಪಾಲಾಗಿದ್ದವು. ಅವಳು ಚಿಂದಿಯನ್ನು ಒಂದೊಂದಾಗಿ ತೆಗೆದು, ತೊಡೆಯ ಮೇಲೆ ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿದಳು. ಬಂದಿದ್ದ ಸೀರೆಗಳಲ್ಲಿ ಹರಿದ ಎರಡನ್ನು ಕೇಳಿ ಪಡೆದು ಕೆಳಗೆ ಹಾಸಿದಳು. ಅಂಚಿನಿಂದ ಶುರು ಮಾಡಿ, ಬೆರಳ ಅಗಲ ಬಿಟ್ಟು ಬಿಟ್ಟು ಒಂದೊಂದು ಸುತ್ತು ಒಳಗೆ ಬಂದಳು. ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲು ಮಾತ್ರ ಸಣ್ಣವ್ವನ ಮೊಮ್ಮಕ್ಕಳನ್ನು ಕರೆಯುತ್ತಿದ್ದಳು. ಆ ದಿನ ಎರಡು ರೊಟ್ಟಿ ತಿಂದಳು. ಆಮೇಲೆ ನನ್ನ ಗಿರಾಕಿಗಳ ಸೀರೆಗೆ ಫಾಲ್ ಹಚ್ಚಿ ಕೊಟ್ಟಳು. ಒಂದು ಸೀರೆಗೆ ಇಷ್ಟು ಅಂತ ಹೊರಗಿನವರಿಗೆ ಕೊಡುವಷ್ಟೇ ದುಡ್ಡು ಅವಳಿಗೂ ಕೊಟ್ಟೆ.

ಹಾಗಾಗಿ ಕೆಲಸ ಕೇಳಿದರೆ ಬೇಡ ಅನ್ನಬೇಡಿ. ಅವರಿಗೆ ಬರುವ ಕೆಲಸ ಯಾವುದು ಅಂತ ನೋಡಿ ಕೊಡಿ. ಕಾಕಾ ಎಲೆಅಡಿಕೆ ಹಾಕುವವರು, ಅದಕ್ಕೂ ಕೈ ಚಾಚಬೇಕಲ್ಲ ಅಂತ ಬಿಟ್ಟೇಬಿಟ್ಟಿದ್ದರು. ಅವರಿಗೆ ಮಾರ್ಕೆಟ್ ಕೆಲಸ ವಹಿಸಿ, ಉಳಿದ ಚಿಲ್ಲರೆ ನಿಮ್ಮ ಹತ್ತಿರವೇ ಇರಲಿ ಅಂದೆ.

ಕಾಗದ, ಪತ್ರ

ಸಂಬಂಧಿಕರ ಮನೆಯಲ್ಲಿ ಇರುವವರ ಹೆಸರು ಕಾಳಜಿ ಕೇಂದ್ರದ, ಅಂದರೆ ಸರ್ಕಾರ ಸಂತ್ರಸ್ತರಿಗೆ ತೆರೆಯುವ ಆಶ್ರಯದ, ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಅವರ ಊರಿನ ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ತಲಾಟಿಗೆ, ಮೊದಲ ದಿನವೇ ಫೋನ್ ಮಾಡಿಸಿ. ಮನೆಯೊಳಗೆ ನೀರು ನುಗ್ಗಿದೆ, ನಾವು ಇಂಥಲ್ಲಿ ಇದ್ದೇವೆ, ಸರ್ವೆಗೆ ಬರುವಾಗ ತಿಳಿಸಿ ಅಂತ ಹೇಳಲಿ. ಬೆಳೆ ವಿಮೆ ಕಟ್ಟಿದ್ದರೆ ಹೊಲದಲ್ಲಿ ನೀರು ನಿಂತ 72 ಗಂಟೆಯೊಳಗೆ ವಿಮಾ ಕಂಪನಿಗೋ, ಬ್ಯಾಂಕಿಗೋ, ರೈತ ಸಂಪರ್ಕ ಕೇಂದ್ರಕ್ಕೋ ತಿಳಿಸಬೇಕು. ನಮಗೆ ಆ ವಿಷಯ ಗೊತ್ತಾದದ್ದು ಐದನೇ ದಿನ. ಕಾಕಾನ ಮೂರು ಎಕರೆ ತೊಗರಿ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಬಾಡಿತ್ತು. ದನಕರು ಗಾಯಗೊಂಡಿದ್ದರೆ 1962ಕ್ಕೆ ಫೋನ್ ಮಾಡಬಹುದು.

ವಾಪಸ್ ಹೋಗುವಾಗ

ನೀರು ಇಳಿದ ಸುದ್ದಿ ಬಂದ ಕೂಡಲೇ ಎಲ್ಲರೂ ಓಡಲು ನೋಡುತ್ತಾರೆ. ಮೊದಲು ಗಟ್ಟಿಮುಟ್ಟಾದ ಇಬ್ಬರು ಹೋಗಲಿ, ಸಾಧ್ಯವಾದರೆ ನಿಮ್ಮ ಮನೆಯಿಂದ ಒಬ್ಬರು ಜೊತೆಗೆ ಹೋಗಲಿ. ರಾಡಿಗೆ ಕೈ ಹಾಕುವ ಮುಂಚೆ ಗೋಡೆ, ಕಾಳು, ಪಾತ್ರೆ, ನೀರು ನಿಂತ ಗೆರೆ ಎಲ್ಲದರ ಫೋಟೊ ತೆಗೆಯಿರಿ. ತೊಳೆದ ಮೇಲೆ ಸರ್ವೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಲೈನ್‌ಮನ್ ನೋಡಿ ಹೇಳುವವರೆಗೆ ಮೇನ್ ಸ್ವಿಚ್ ಮುಟ್ಟಬೇಡಿ, ಕರೆಂಟ್ ಕಂಪನಿ ಜೆಸ್ಕಾಂ ನಂಬರ್ 1912. ಕಟ್ಟಿಗೆ ರಾಶಿ, ಅಟ್ಟ, ಮಡಚಿದ ಹಾಸಿಗೆಗಳಲ್ಲಿ ಹಾವು ಸೇರಿಕೊಂಡಿರುತ್ತವೆ. ಉದ್ದ ಕೋಲಿನಿಂದ ಬಡಿದು ನೋಡಿ ಆಮೇಲೆ ಕೈ ಹಾಕಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ, 108ಕ್ಕೆ ಫೋನ್ ಮಾಡಿ ನೇರ ಸರ್ಕಾರಿ ಆಸ್ಪತ್ರೆ.

ಕಳಿಸುವಾಗ ಬ್ಲೀಚಿಂಗ್ ಪೌಡರ್, ಬುಟ್ಟಿ, ಸಲಿಕೆ, ಎಂಟು ದಿನದ ಹಿಟ್ಟು, ಬೇಳೆ ಕೊಡಿ. ಕೊಟ್ಟ ಕೀಲಿ ವಾಪಸ್ ಕೇಳಬೇಡಿ.

ಸಣ್ಣವ್ವನ ಹತ್ತಿರ ನಮ್ಮ ಕೀಲಿ ಐದು ವರ್ಷ ಇತ್ತು. 2025ರಲ್ಲಿ ಅವರು ಬಂದಾಗ ನಾನು ಗಿರಾಕಿ ಮನೆಗೆ ಅಳತೆ ತೆಗೆಯಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಬಾಗಿಲು ತೆಗೆದಿತ್ತು. ಮಿಷನ್ ಪಕ್ಕದಲ್ಲಿ ಆಯಿಯ ಗಂಟು, ಅದರ ಮೇಲೆ ಆ ಕೌದಿ. ಆಯಿ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. "ಸಕ್ರಿ ಡಬ್ಬಿ ಎಲ್ಲಿ ಇಟ್ಟೀದಿ?" ಅಂತ ಒಳಗಿಂದಲೇ ಕೇಳಿದಳು.